ಬೀಗಿತ್ತಿಯ ಬದುವಿನ ಕೆಂಪು ಮರ

ಹಿನಾತಾ ಕೇರಿ, ಗುನ್ಮಾ
ಜನವರಿ 17

ಮೊಮ್ಮಗಳು ಚಿಗುಸಾಗೆ,

ಮೈ ಹುಷಾರಾಗಿದೆಯೇ ಎಂದು ನಾನು ಕೇಳಬೇಕಾಗಿಲ್ಲ. ಭಾನುವಾರ ನಿನ್ನ ಬಿಳಿ ಕಾರು ಹಳ್ಳದ ಆಚೆ ನಿಂತದ್ದನ್ನು ನೋಡಿದೆ. ತ್ಸುಕುಬಾದಿಂದ ಇಲ್ಲಿಯವರೆಗೆ ಕಾರು ಓಡಿಸುವಷ್ಟು ಮೈ ಹುಷಾರಾಗಿದೆ. ಸೇತುವೆ ದಾಟುವಷ್ಟು ಇಲ್ಲ, ಅಷ್ಟೇ.

ನಾನು ಮೂಲಂಗಿ ಒಣಹಾಕುತ್ತಿದ್ದೆ. ಆಚೆ ಹಿಕಾಗೆ ಕೇರಿಯಲ್ಲಿ ನಿನ್ನ ಇನ್ನೊಬ್ಬ ಅಜ್ಜಿ, ನನ್ನ ಬೀಗಿತ್ತಿ ಶಿಮೋ, ಕೈ ಒರೆಸಿಕೊಳ್ಳುತ್ತ ನಿನ್ನನ್ನು ಒಳಗೆ ಕರೆದಳು. ಹತ್ತಿರದ್ದು ಕಾಣದಿದ್ದರೂ ದೂರದ್ದು ನನಗೆ ಚೆನ್ನಾಗಿ ಕಾಣುತ್ತದೆ. ನೀನು ಹೊರಗೆ ಬಂದಾಗ ಬಾಯಿ ಇನ್ನೂ ಆಡುತ್ತಿತ್ತು. ಏನು ತಿನ್ನಿಸಿದಳು? ನಿನ್ನ ಹಾಲುಹಲ್ಲು ಬಿದ್ದಾಗ ಮಾಡಿನ ಮೇಲೆ ಎಸೆದವಳು ನಾನು. ಆ ಜಾಗದಲ್ಲಿ ಬಂದ ಹಲ್ಲಿಗೆ ಈಗ ಅವಳ ತಿಂಡಿ ರುಚಿಯಾಗಿದೆ.

ನೀನು ನೋಡಲು ಬಂದ ಆ ಮರದ ಸಂಗತಿಯನ್ನು ನಿನ್ನ ಅಮ್ಮ ಫೋನಿನಲ್ಲಿ ಹೇಳಿದಳಂತೆ. ಅವಳ ತವರಿನ ಮರ, ಅವಳು ಹೇಳದೆ ಇರುತ್ತಾಳೆಯೇ. ನನ್ನ ಬಾಯಿಂದಲೂ ಕೇಳು. ಹೊಸ ವರ್ಷದ ಕಿರಿಹಬ್ಬಕ್ಕೆ ರೇಷ್ಮೆಗೂಡಿನ ಆಕಾರದ ಅಕ್ಕಿಹಿಟ್ಟಿನ ಗೂಡುಂಡೆ ಚುಚ್ಚಲು ಹಿಪ್ಪುನೇರಳೆ ಕೊಂಬೆ ಬೇಕಿತ್ತು. ನಿನ್ನ ಅಪ್ಪ ನಮ್ಮ ತೋಟವನ್ನೆಲ್ಲ ಕಿತ್ತು ಕೊನ್ಯಾಕು ಗೆಡ್ಡೆ ಹಾಕಿದ ಮೇಲೆ ನಮಗೆ ಉಳಿದಿರುವುದು ಬಾವಿಯ ಪಕ್ಕದ ಮುದಿ ಮರವೊಂದೇ. ಅದಕ್ಕೆ ಚಳಿಯಲ್ಲಿ ಕತ್ತಿ ತಾಗಿಸಲು ನಾನು ಬಿಡುವುದಿಲ್ಲ. ನಿನ್ನ ಅಮ್ಮ ನೊಬುಯೆ ತನ್ನ ತಾಯಿಯ ಬದುವಿನಿಂದ ಒಂದು ಕೊಂಬೆ ಕಡಿದು ತಂದಳು. ಒರಳಿನಲ್ಲಿ ನಿಲ್ಲಿಸಲು ಬುಡ ಚೂಪು ಮಾಡುವಾಗ ತೊಗಟೆ ಸುಲಿಯಿತು. ಒಳಗೆ ಉಪ್ಪುಹಾಕಿದ ಪ್ಲಮ್ ಹಣ್ಣಿನ ಕೆಂಪು.

"ಅತ್ತೆ, ಇಲ್ ನೋಡಿ. ರಕ್ತ ಮೆತ್ತಿದಂಗೈತೆ" ಅಂದಳು ನಿನ್ನ ಅಮ್ಮ.

"ನಿಮ್ಮಮ್ಮ ಮೊದಲಿಂದ್ಲೂ ಬಣ್ಣ ಹಾಕೋದ್ರಲ್ಲಿ ಗಟ್ಟಿಗಿತ್ತಿ" ಅಂದೆ ನಾನು.

ಶಿಮೋ ವಯಸ್ಸಿನಲ್ಲಿ ನೂಲಿಗೆ ಬಣ್ಣ ಅದ್ದುತ್ತಿದ್ದವಳು. ಅದು ಬಣ್ಣ. ಓದಿದವರಿಗೆ ಮೋಸ ಹೋಗುವುದು ಸುಲಭ, ನೀನು ಜೋಪಾನ.

ಮೂಲಂಗಿ ಉಪ್ಪಿನಕಾಯಿ ಕಳಿಸಿದ್ದೇನೆ. ಅವಳದಕ್ಕಿಂತ ಉಪ್ಪು ಕಡಿಮೆ.

ಹಳ್ಳದ ಈಚೆಯ ಅಜ್ಜಿ,
ತೊಮೆ


ತ್ಸುಕುಬಾ
ಜನವರಿ 28

ಪ್ರೀತಿಯ ಅಜ್ಜಿ,

ತಪ್ಪಾಯಿತು. ಆ ಮರದಿಂದ ಕತ್ತರಿಸಿದ ಕಡ್ಡಿಗಳನ್ನು ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟಿದ್ದೆ, ಅದು ಕರಗುವ ಮೊದಲು ಸಂಶೋಧನಾ ಕೇಂದ್ರ ಸೇರಬೇಕಿತ್ತು. ಸೇತುವೆ ದಾಟಿದ್ದರೆ ನೀವು ಊಟ ಹಾಕದೆ ಬಿಡುತ್ತಿದ್ದಿರಾ?

ಅದು ಬಣ್ಣವಲ್ಲ. ಮರ ಗಟ್ಟಿಯಾಗಿ ನಿಲ್ಲುವುದು ಅದರ ನಾರುಗಳ ಗೋಡೆಯಲ್ಲಿ ತುಂಬಿಕೊಳ್ಳುವ ಲಿಗ್ನಿನ್ ಎಂಬ ಅಂಟಿನಿಂದ. ಇಟ್ಟಿಗೆಯ ನಡುವಿನ ಗಾರೆ ಇದ್ದ ಹಾಗೆ. ಅದರ ಸರಕನ್ನು ಮರ ಹಂತಹಂತವಾಗಿ ತಯಾರಿಸುತ್ತದೆ, ಒಂದೊಂದು ಹಂತಕ್ಕೂ ಒಂದೊಂದು ಕಿಣ್ವ. ನೀವು ಹುಡುಗಿಯಾಗಿದ್ದಾಗ ಕೆಲಸಕ್ಕಿದ್ದ ರೇಷ್ಮೆ ನೂಲು ಕಾರ್ಖಾನೆಯನ್ನು ನೆನೆಸಿಕೊಳ್ಳಿ. ಒಬ್ಬಳು ಗೂಡು ಬೇಯಿಸುತ್ತಾಳೆ, ಒಬ್ಬಳು ಎಳೆ ಹುಡುಕುತ್ತಾಳೆ, ಒಬ್ಬಳು ಸುತ್ತುತ್ತಾಳೆ. ಈ ಮರದಲ್ಲಿ ಸಾಲಿನ ಕೊನೆಯವಳು ಕೆಲಸಕ್ಕೇ ಬಂದಿಲ್ಲ. ಆ ಕಿಣ್ವವನ್ನು ಹೇಗೆ ಕಟ್ಟಬೇಕೆಂದು ತಿಳಿಸುವ ಜೀನಿನಲ್ಲಿ ಎಲ್ಲೋ ಒಂದು ಅಕ್ಷರ ಹೆಚ್ಚಾಗಿ ಸೇರಿ ಮುಂದಿನ ಅರ್ಥವೆಲ್ಲ ಕೆಟ್ಟಿದೆ ಎಂದು ನಮ್ಮ ಅನುಮಾನ. ಹಾಗಾಗಿ ಮುಗಿಯದ ಸರಕೇ ಗೋಡೆಗೆ ಹೋಗಿ ಸೇರುತ್ತದೆ. ಕೆಂಪು ಬರುವುದು ಅದರಿಂದ.

ಹಿಕಾಗೆ ಅಜ್ಜಿ ನಿಮ್ಮನ್ನು ಕೇಳಿದರು. ನಿಮ್ಮ ಮಂಡಿನೋವು ಹೇಗಿದೆ ಎಂದರು.

ನಿಮ್ಮ
ಚಿಗುಸಾ


ಹಿನಾತಾ ಕೇರಿ
ಫೆಬ್ರವರಿ 12

ಚಿಗುಸಾಗೆ,

ನನ್ನ ಮಂಡಿಯ ವಿಚಾರ ಅವಳಿಗೇಕೆ?

ನಿನ್ನ ಪತ್ರವನ್ನು ನಿನ್ನ ಅಮ್ಮನಿಂದ ಎರಡು ಸಲ ಓದಿಸಿದೆ. ಸಾಲಿನ ಕೊನೆಯವಳು ಕೆಲಸಕ್ಕೆ ಬಾರದಿದ್ದರೆ ನಮ್ಮ ಕಾರ್ಖಾನೆಯಲ್ಲಿ ಕೂಲಿ ಕತ್ತರಿಸುತ್ತಿದ್ದರು. ಈಗ ಅಂಥವಳನ್ನು ನೋಡಲು ಜನ ಕಾರು ಮಾಡಿಕೊಂಡು ಬರುತ್ತಾರೆ.

ಹೌದು, ಬರುತ್ತಿದ್ದಾರೆ. ಪತ್ರಿಕೆಯವನೊಬ್ಬ ಬಂದು ಶಿಮೋಳನ್ನು ಮರದ ಪಕ್ಕ ನಿಲ್ಲಿಸಿ ಫೋಟೋ ತೆಗೆದ. ಅವಳು ಮದುವೆಯ ಹಾವೋರಿ ಮೇಲಂಗಿ ಹೊದ್ದುಕೊಂಡು ನಿಂತಿದ್ದಳಂತೆ. ಹೊಲದ ಬದುವಿನಲ್ಲಿ. ತೋಫು ಮಾರುವವಳು ನನ್ನ ಬಾಗಿಲಲ್ಲೇ ನಿಂತು ಹೇಳುತ್ತಾಳೆ: "ಶಿಮೋ ಅಜ್ಜಿ ಎಷ್ಟ್ ಸಾಧು ಅಂತೀರಿ. ನಂದೇನೈತೆ ತಾಯಿ, ತಾನಾಗೇ ಬಂದ ಮರ ಅಂತಾರೆ."

"ತೋಫು ಕೊಟ್ಟು ಹೋಗು, ಹುಳಿಬಂದೀತು" ಅಂದೆ.

ಅವಳು ಸೊಕ್ಕಿನಿಂದ ಮೆರೆದಿದ್ದರೆ ನಾನು ಸಹಿಸುತ್ತಿದ್ದೆ. ಅವಳ ವಿನಯ ಕೇಳಿದರೆ ನನಗೆ ಹಲ್ಲು ನೋಯುತ್ತದೆ.

ಅದಕ್ಕೇ ನಾನೇ ಒಂದು ಪರೀಕ್ಷೆ ಮಾಡಿದೆ. ಹಬ್ಬದ ಕೊಂಬೆ ಹಿತ್ತಿಲಲ್ಲಿ ಬಿದ್ದಿತ್ತು. ಅದನ್ನು ಕಡ್ಡಿಕಡ್ಡಿಯಾಗಿ ತೆಳ್ಳಗೆ ಸೀಳಿದೆ. ನಮ್ಮ ಬಾವಿಯ ಮರದ್ದೂ ಬಿದ್ದ ಒಂದು ಟೊಂಗೆ ಹಾಗೆಯೇ ಸೀಳಿದೆ. ಹಸಿ ರೇಷ್ಮೆಯ ಅಂಟು ಬಿಡಿಸಲು ನಾವು ಹುಲ್ಲುಬೂದಿಯ ತಿಳಿನೀರಿನಲ್ಲಿ ಕುದಿಸುತ್ತಿದ್ದೆವಲ್ಲ, ಅದೇ ತಿಳಿಯಲ್ಲಿ ಎರಡನ್ನೂ ಬೇರೆ ಬೇರೆ ಪಾತ್ರೆಗೆ ಹಾಕಿ ಬೆಳಗಿನಿಂದ ಸಂಜೆಯವರೆಗೂ ಬೇಯಿಸಿದೆ. ಹಾಕಿದ ಬಣ್ಣವಾದರೆ ಬೂದಿನೀರಿಗೆ ಬಿಟ್ಟೇ ಬಿಡಬೇಕು.

ಅವಳ ಪಾತ್ರೆಯ ನೀರು ಸೋಯಾ ಸಾರಿನಂತೆ ಕಪ್ಪಾಯಿತು. ಸಿಕ್ಕಿಬಿದ್ದಳು ಎಂದುಕೊಂಡೆ. ಕಡ್ಡಿ ತೆಗೆದು ಹಿಸುಕಿದರೆ, ಚಿಗುಸಾ, ಅದು ಬೆರಳಲ್ಲೇ ಎಳೆಎಳೆಯಾಗಿ ಬಿಚ್ಚಿಕೊಂಡಿತು. ಬೆಂದ ಗೂಡು ಬಿಚ್ಚಿದ ಹಾಗೆ. ನಮ್ಮ ಮರದ ಕಡ್ಡಿ ಮಾತ್ರ ದಿನವೆಲ್ಲ ಕುದ್ದರೂ ಸುಟ್ಟ ಮೀನು ಚುಚ್ಚುವ ಕಡ್ಡಿಯಂತೆ ಸೆಟೆದು ನಿಂತಿತ್ತು.

ಆಯಿತು, ಬಣ್ಣವಲ್ಲ ಎಂದು ಒಪ್ಪಿದೆ. ಅದಕ್ಕಿಂತ ಹೀನ. ಬೆನ್ನುಮೂಳೆಯೇ ಇಲ್ಲದ ಮರ. ಗೊಂಬೆಗೂ ಆಗದು, ಒಲೆಗೂ ಆಗದು. ಎರಡನ್ನೂ ಒಣಗಿಸಿ ಪೊಟ್ಟಣ ಕಟ್ಟಿ ಕಳಿಸಿದ್ದೇನೆ. ನಿನ್ನ ಮೇಲಿನವರ ಮುಂದೆ ಬಿಚ್ಚಿ ತೋರಿಸು. ಇಂಥದ್ದಕ್ಕೆ ಇಷ್ಟು ಮೆರವಣಿಗೆಯೇ ಎಂದು ಕೇಳು.

ಗಟ್ಟಿ ಮರದ ಒಡತಿ,
ತೊಮೆ


ತ್ಸುಕುಬಾ
ಫೆಬ್ರವರಿ 21

ಅಜ್ಜಿ,

ನಿಮ್ಮ ಪೊಟ್ಟಣ ಇಡೀ ವಿಭಾಗದಲ್ಲಿ ಕೈಯಿಂದ ಕೈಗೆ ಓಡಾಡುತ್ತಿದೆ. ನಮ್ಮ ಮುಖ್ಯಸ್ಥರು ಎಳೆಯನ್ನು ಬೆಳಕಿಗೆ ಹಿಡಿದು ನೋಡಿ ಕುಳಿತೇಬಿಟ್ಟರು.

ಮರದಿಂದ ಕಾಗದ ಮಾಡುವವರಿಗೆ ದೊಡ್ಡ ಕಷ್ಟವೇ ಈ ಲಿಗ್ನಿನ್. ಅದನ್ನು ಕರಗಿಸಿ ನಾರನ್ನು ಬಿಡಿಸಲು ಕಟುವಾದ ರಾಸಾಯನಿಕಗಳು ಬೇಕು, ಬೆಂಕಿ ಬೇಕು, ಹಾಳಾದ ನೀರನ್ನು ಎಲ್ಲಿ ಬಿಡುವುದೆಂಬ ಚಿಂತೆ ಬೇರೆ. ಕೊನೆಯ ಕಿಣ್ವ ಇಲ್ಲದ ಮರದಲ್ಲಿ ಗಾರೆ ಸುಲಭವಾಗಿ ಬಿಡುತ್ತದೆ ಎಂದು ನಾವು ಊಹಿಸಿದ್ದೆವು, ಬೇಸಿಗೆಯಲ್ಲಿ ಪರೀಕ್ಷೆಗೆ ಇಡಬೇಕೆಂದಿದ್ದೆವು. ಈಗ ಆ ಕೆಲಸವನ್ನು ಮುಂದಕ್ಕೆ ತಂದು ಶುರುಮಾಡಿದ್ದೇವೆ. ಅಷ್ಟಾದರೂ ಮರ ನೆಟ್ಟಗೆ ಬೆಳೆದಿದೆ, ಸೊಪ್ಪು ಸೊಂಪಾಗಿದೆ. ನೀವು ಬೆನ್ನುಮೂಳೆ ಇಲ್ಲ ಎಂದದ್ದೇ ಅದರ ದೊಡ್ಡ ಗುಣ, ಅಜ್ಜಿ. ಹಿಕಾಗೆ ಅಜ್ಜಿಗೆ ಫೋನ್ ಮಾಡಿ ಹೇಳಿದೆ, ತುಂಬ ಖುಷಿಪಟ್ಟರು.

ಮರ ಅಲ್ಲಿಗೆ ಹೇಗೆ ಬಂತು ಎಂಬುದು ಮಾತ್ರ ಯಾರಿಗೂ ಗೊತ್ತಿಲ್ಲ. ನಿಮಗೇನಾದರೂ ನೆನಪಿದೆಯೇ?

ಚಿಗುಸಾ


ಹಿನಾತಾ ಕೇರಿ
ಮಾರ್ಚ್ 9

ಚಿಗುಸಾಗೆ,

ಅವಳ ಮಾನ ಕಳೆಯಲು ಒಲೆ ಹಚ್ಚಿದೆ, ಅದೇ ಬೆಂಕಿಯಲ್ಲಿ ಅವಳ ಮನೆಯ ದೀಪ ಹೊತ್ತಿಕೊಂಡಿತು. ಸೌದೆ ನನ್ನದು, ಬೂದಿ ನನ್ನದು, ದಿನವಿಡೀ ಹೊಗೆ ಕುಡಿದವಳು ನಾನು. ಫೋನ್ ಮಾತ್ರ ಅವಳಿಗೆ.

ಮರ ಎಲ್ಲಿಂದ ಬಂತು ಎಂದು ಕೇಳಿದೆಯಲ್ಲ. ನಿನ್ನ ಅಮ್ಮನನ್ನು ನಾನೂ ಕೇಳಿದೆ.

"ನೊಬುಯೆ, ನಿಮ್ಮ ಬದುವಿನ ಮರ ಯಾರು ನೆಟ್ಟಿದ್ದು?"

"ಯಾರೂ ನೆಡಲಿಲ್ಲ ಅತ್ತೆ. ತಾನಾಗೇ ಹುಟ್ಟಿದ್ದು."

"ತಾನಾಗೇ ಹುಟ್ಟೋಕೆ ಅದೇನ್ ಅಣಬೇನಾ?"

ಅವಳು ಬಟ್ಟಲು ತೊಳೆಯುತ್ತಿದ್ದಳು, ಬೆನ್ನು ನನ್ನ ಕಡೆಗಿತ್ತು. ಅವಳ ಬೆನ್ನಿನಿಂದ ಯಾರೂ ಏನನ್ನೂ ಓದಲಾರರು. ಬಂದ ದಿನದಿಂದ ಹಾಗೆಯೇ.

ಸರಿಯಾಗಿ ಕೇಳಿಕೋ. ಹಿಕಾಗೆಯಲ್ಲಿ ಹಣ್ಣು ಬಿಡುವ ಹೆಣ್ಣು ಮರ ಒಂದೂ ಇಲ್ಲ. ಇದ್ದರೆ ಪ್ರತಿ ಬೇಸಿಗೆಯಲ್ಲೂ ನಿನ್ನ ಅಮ್ಮ ಚಿಕ್ಕವಳಾಗಿದ್ದಾಗ ನಮ್ಮ ಬಾವಿಯ ಬಳಿ ಬಂದು ಬಾಯಿ ನೇರಳೆ ಮಾಡಿಕೊಳ್ಳುತ್ತಿರಲಿಲ್ಲ. ಹಣ್ಣು ತಿನ್ನುವ ಹಕ್ಕಿಗಳು ಹಳ್ಳ ದಾಟಿ ಶಿಮೋಳ ಬದುವಿನ ಬೇಲಿಯ ಮೇಲೆ ಕೂತು ಹಿಕ್ಕೆ ಹಾಕುತ್ತವೆ. ಅಲ್ಲೇ ಈ ಮರ ಎದ್ದಿರುವುದು. ಅಂದರೆ ಅದು ನನ್ನ ಬಾವಿಮರದ ಮಗಳು. ಅವಳ ಜಾಗದಲ್ಲಿ ಬೆಳೆದ ಮಾತ್ರಕ್ಕೆ ಅವಳದಾಯಿತೇ?

ಬಾವಿಮರದ ಕಡ್ಡಿ ಕಡಿದು ಒದ್ದೆ ಬಟ್ಟೆಯಲ್ಲಿ ಸುತ್ತಿ ಕಳಿಸಿದ್ದೇನೆ. ಚಳಿಯಲ್ಲಿ ಅದಕ್ಕೆ ಕತ್ತಿ ತಾಗಿಸಿದ್ದೇನೆಂದರೆ ಎಷ್ಟು ಮನಸ್ಸಿಟ್ಟಿದ್ದೇನೆಂದು ತಿಳಿದುಕೋ. ಪರೀಕ್ಷೆ ಮಾಡು. ನೀವು ಆ ಮರದ ಬಗ್ಗೆ ಬರೆಯುವಾಗ ಯಾವ ಮನೆಯದೆಂದು ಬರೆಯುತ್ತೀರಿ? ನನಗೆ ಬೇಕಾದದ್ದು ಅದೊಂದೇ. ಹಿನಾತಾದ ತೊಮೆಯ ಮನೆಯದು ಎಂದು ನೀನು ಬರೆಯಬೇಕು, ನಿನ್ನ ಕೈಯಿಂದ.

ತಾಯಿಮರದ ಅಜ್ಜಿ,
ತೊಮೆ


ತ್ಸುಕುಬಾ
ಏಪ್ರಿಲ್ 4

ಅಜ್ಜಿ,

ನೀವು ಗೆದ್ದಿರಿ. ಅರ್ಧ.

ನಿಮ್ಮ ಬಾವಿಮರದಲ್ಲಿ ಆ ಹೆಚ್ಚಿನ ಅಕ್ಷರ ಸಿಕ್ಕಿತು, ಅದೇ ಜೀನಿನಲ್ಲಿ, ಅದೇ ಜಾಗದಲ್ಲಿ. ಆದರೆ ಜೀನು ಜೋಡಿಯಾಗಿ ಇರುತ್ತದೆ: ಒಂದು ತಾಯಿಯಿಂದ ಬಂದದ್ದು, ಇನ್ನೊಂದು ತಂದೆಯಿಂದ. ನಿಮ್ಮ ಮರದಲ್ಲಿ ಒಂದು ಕೆಟ್ಟಿದೆ, ಇನ್ನೊಂದು ಸರಿಯಿದೆ. ಒಂದು ಸರಿಯಿದ್ದರೆ ಸಾಲು ನಡೆಯುತ್ತದೆ, ಕಟ್ಟಿಗೆ ಬೆಳ್ಳಗೇ ಇರುತ್ತದೆ. ಎರಡೂ ಕೆಟ್ಟಾಗ ಮಾತ್ರ ಕೆಂಪು. ಹಾಗಾದರೆ ಎರಡನೆಯದು ಎಲ್ಲಿಂದ ಬಂತು? ಹಿಕಾಗೆ ಅಜ್ಜಿಯ ಉಗ್ರಾಣದ ಹಿಂದೆ ಹಣ್ಣು ಬಿಡದ ಗಂಡು ಮರವೊಂದಿದೆಯಲ್ಲ, ಅದನ್ನೂ ನೋಡಿದೆವು. ಅದರಲ್ಲೂ ಇದೆ. ಅದರ ಪರಾಗ ಗಾಳಿಯಲ್ಲಿ ಹಳ್ಳ ದಾಟಿ ನಿಮ್ಮ ಮರಕ್ಕೆ ಬಂತು, ನಿಮ್ಮ ಮರದ ಬೀಜ ಹಕ್ಕಿಯ ಹೊಟ್ಟೆಯಲ್ಲಿ ಹಳ್ಳ ದಾಟಿ ಅವರ ಬದುವಿಗೆ ಹೋಯಿತು.

ಈಗ ಇದನ್ನು ಹೊಸ ತಳಿಯೆಂದು ದಾಖಲಿಸಬೇಕು. ಅದಕ್ಕೊಂದು ಹೆಸರು ಬೇಕು. ಮೂಲದ ಜಾಗದಲ್ಲಿ ಒಂದೇ ಮನೆಯ ಹೆಸರು ಬರೆಯಬಹುದು. ಅಜ್ಜಿಯರಿಬ್ಬರೂ ಮಾತಾಡಿಕೊಂಡು ತಿಳಿಸಲಿ ಎಂದು ನಮ್ಮ ಮುಖ್ಯಸ್ಥರು ಹೇಳಿದರು. ಅವರಿಗೆ ನಿಮ್ಮಿಬ್ಬರ ಪರಿಚಯವಿಲ್ಲ, ಕ್ಷಮಿಸಿ.

ಚಿಗುಸಾ


ಹಿನಾತಾ ಕೇರಿ
ಏಪ್ರಿಲ್ 22

ಚಿಗುಸಾಗೆ,

ಸೇತುವೆ ದಾಟಿದೆ. ನನ್ನ ಮಂಡಿ ಈಗ ಹೇಗಿದೆ ಎಂದು ಅವಳು ಕಣ್ಣಾರೆ ನೋಡಲಿ ಎಂದು.

ಶಿಮೋ ರೇಷ್ಮೆಯ ಹುಳುಸ್ವಾಮಿಗಳ ತಟ್ಟೆ ತೊಳೆದು ಬಿಸಿಲಿಗೆ ಇಡುತ್ತಿದ್ದಳು. ಈ ಕಣಿವೆಯಲ್ಲಿ ಇನ್ನೂ ಹುಳು ಸಾಕುವವಳು ಅವಳೊಬ್ಬಳೇ. ನನ್ನನ್ನು ಕಂಡು ಸೊಂಟ ನೆಟ್ಟಗೆ ಮಾಡಿದಳು.

"ಏನ್ ಬೀಗಿತ್ತಿಯೋರು. ದಾರಿ ತಪ್ತಾ?"

"ನಿನ್ನ ಗಂಡುಮರ ದಾರಿ ತಪ್ಪಿದ್ದಕ್ಕೆ ನಾನ್ ಬರಬೇಕಾಯ್ತು."

"ಗಾಳಿ ಬೀಸಿದ್ರೆ ಪಾಪ ಗಂಡೇನ್ ಮಾಡತ್ತೆ. ನಿನ್ನ ಹೆಣ್ಣು ಬಾಗಿಲು ತಕ್ಕೊಂಡ್ ಕೂತಿತ್ತಲ್ಲ."

ಚಹಾ ಕೊಟ್ಟಳು. ಕಹಿ. ನಾನು ನೇರವಾಗಿ ವಿಷಯಕ್ಕೆ ಬಂದೆ. ಹೆತ್ತದ್ದು ನನ್ನ ಮರ, ಆದ್ದರಿಂದ ಹೆಸರೂ ನನ್ನದೇ ಇರಲಿ ಎಂದೆ.

"ತೊಮೆ ಅಂತಾನಾ?" ಅಂದಳು. "ಹೆಣ್ಣಿನ ಮೇಲೆ ಹೆಣ್ಣು ಹುಟ್ಟಿ ಬೇಜಾರಾಗಿ, ಇನ್ ಸಾಕು, ನಿಲ್ಸು ಅಂತ ನಿಮ್ಮಪ್ಪ ಇಟ್ಟ ಹೆಸರು. ನಿಲ್ಸು ಅಂತ ಕರೆದ್ರೆ ಯಾವ್ ಮರ ಚಿಗುರತ್ತೆ?"

"ನಿಂದೇನ್ ಕಮ್ಮಿ. ಶಿಮೋ ಅಂದ್ರೆ ಕೊರೆಯೋ ಹಿಮ. ಮೇ ತಿಂಗಳಲ್ಲಿ ನಿನ್ನ ಹೆಸರು ಕೇಳಿದ್ರೇ ಎಳೆ ಸೊಪ್ಪು ಕಪ್ಪಗಾಗತ್ತೆ."

ಅವಳು ನಕ್ಕಳು. ನಾನೂ ನಗದೆ ಇರಲಾಗಲಿಲ್ಲ. ಹಾಳಾದ ಹೆಸರಿನ ಹೆಂಗಸರಿಬ್ಬರು ತಟ್ಟೆಗಳ ಮಧ್ಯೆ ಕೂತು ನಕ್ಕೆವು. ಅಷ್ಟಕ್ಕೆ ಎದ್ದು ಬಂದಿದ್ದರೆ ಚೆನ್ನಾಗಿತ್ತು.

"ಹೆಸರು ಆ ಹುಡುಗಿ ಇಡ್ಲಿ ಬಿಡು. ಮನೆ ಯಾವ್ದು ಅನ್ನೋದು ನಿಂದೇ ಬರಕೋ. ನಂಗ್ಯಾಕೆ" ಅಂದಳು.

ಅದು ನನ್ನ ಹೊಟ್ಟೆಗೆ ಕೊಳ್ಳಿ ಇಟ್ಟಿತು. ನಾನು ಜಗಳವಾಡಿ ಗೆಲ್ಲಬೇಕೆಂದು ಬಂದವಳು. "ಭಿಕ್ಷೆ ಹಾಕ್ತೀಯಾ ನಂಗೆ?" ಅಂದೆ.

ಅವಳು ಕೆಟಲು ಕೆಳಗಿಟ್ಟಳು. ದನಿ ಏರಿಸಲಿಲ್ಲ. ಏರಿಸಿದ್ದರೆ ನಾನೂ ಏರಿಸಬಹುದಿತ್ತು.

"ಭಿಕ್ಷೆ ಅಲ್ಲ ಕಣೇ. ನೀನು ತಗೊಳೋದು, ನಾನು ಕೊಡೋದು, ರೂಢಿ ಆಗ್ಬಿಟ್ಟೈತೆ. ಇದ್ದ ಒಬ್ಬಳು ಮಗಳನ್ನ ಕೊಟ್ಟೆ. ದಿನಾ ಬೆಳಗ್ಗೆ ಎದ್ದು ಇಲ್ಲಿಂದ ನಿಮ್ಮ ಅಡಿಗೆಮನೆ ಲೈಟು ನೋಡ್ತೀನಿ. ಹತ್ತಿದ್ರೆ ನನ್ ಮಗಳು ಎದ್ದಿದಾಳೆ ಅಂತ. ಹಳ್ಳದ ಈಚೆ ನಿಂತ್ಕೊಂಡು ನಂಗೆ ಸಿಗೋದು ಅಷ್ಟೇ. ಹಬ್ಬಕ್ಕೆ ಬಂದ್ರೂ ಕೂರಲ್ಲ, ಹೊಸ್ತಿಲಲ್ಲೇ ನಿಂತು, ಅತ್ತೆ ಕಾಯ್ತಿರ್ತಾರೆ ಅಂತಾಳೆ. ಮೊಮ್ಮಗಳು ಹೆಜ್ಜೆ ಇಟ್ಟಿದ್ದು ನಿನ್ನ ಅಂಗಳದಲ್ಲಿ, ಮಾತು ಕಲಿತಿದ್ದು ನಿನ್ನ ಮಡಿಲಲ್ಲಿ. ಈ ಮುದಿ ವಯಸ್ಸಿಗೆ ಬದುವಿನಲ್ಲಿ ಒಂದ್ ಮರ ಕೆಂಪಾಯ್ತು, ಆ ಹುಡುಗಿ ನನ್ನ ಬಾಗಿಲಿಗೆ ಬಂದ್ಲು. ಅದೂ ನಿಂಗೇ ಬೇಕಾ. ತಗೋ."

ಇದನ್ನು ನಿನಗೆ ಮಾತ್ರ ಹೇಳುತ್ತಿದ್ದೇನೆ, ನಿನ್ನ ಅಪ್ಪನಿಗೆ ಹೇಳಬೇಡ. ಚಹಾ ಅರ್ಧಕ್ಕೆ ಬಿಟ್ಟು ಬಂದೆ. ದಾರಿಯುದ್ದಕ್ಕೂ ಒಂದೇ ಯೋಚನೆ. ಹೊಟ್ಟೆಕಿಚ್ಚಾದರೂ ನನ್ನೊಬ್ಬಳ ಆಸ್ತಿ ಎಂದುಕೊಂಡಿದ್ದೆ. ನೋಡಿದರೆ ಅದರಲ್ಲೂ ಅವಳೇ ನನಗಿಂತ ಸಿರಿವಂತೆ.

ತೊಮೆ


ಹಿನಾತಾ ಕೇರಿ
ಮೇ 6

ಚಿಗುಸಾಗೆ,

ಹಿಕಾಗೆಯ ಶಿಮೋಳ ಮನೆಯದು ಎಂದು ಬರೆ. ಮರಕ್ಕೆ ಹೆಸರು ನೀನೇ ಇಡು. ನನ್ನ ಅರ್ಧವನ್ನು ಎಲ್ಲಾದರೂ ಕೆಳಗೆ, ಇರುವೆ ಕಾಲಿನಂಥ ಅಕ್ಷರದಲ್ಲಿ ಹಾಕು. ಯಾರೂ ಓದದಿದ್ದರೂ ಪರವಾಗಿಲ್ಲ. ಹಾಕದೆ ಮಾತ್ರ ಇರಬೇಡ.

ಶಿಮೋಳಿಗೆ ವಸಂತದ ಹುಳು ಬಂದಿದೆ. ಒಬ್ಬಳೇ ಸೊಪ್ಪು ಕೊಯ್ದು, ಒಬ್ಬಳೇ ಹಾಕಿ, ಈ ವಯಸ್ಸಿನಲ್ಲಿ ಅವಳಿಗೆ ಆಗದು. ನಿನ್ನೆ ಊಟವಾದ ಮೇಲೆ ನಿನ್ನ ಅಮ್ಮನಿಗೆ ಹೇಳಿದೆ.

"ನೊಬುಯೆ, ಹುಳು ಗೂಡು ಕಟ್ಟೋವರೆಗೂ ಅಲ್ಲೇ ಇರು. ನಿಮ್ಮಮ್ಮನ್ ಹತ್ರ."

ಅವಳು ತಿರುಗಿ ನನ್ನ ಮುಖ ನೋಡಿದಳು. "ಬಂದು ಹೋಗೋದಾ ಅತ್ತೆ?"

"ಇರೋದು ಅಂದೆ. ಹಾಸಿಗೆ ತಗೊಂಡ್ ಹೋಗು."

"ನಿಮ್ಮ ಊಟ?"

"ನನ್ ಮಗನ ಕೈಯೇನು ಬಿದ್ದೋಗಿಲ್ಲ."

ಒಳಗೆ ಹೋದವಳು ಎರಡು ಉಸಿರು ಎಳೆಯುವಷ್ಟರಲ್ಲಿ ಗಂಟು ಹಿಡಿದು ಹೊರಗೆ ಬಂದಳು. ಅಷ್ಟು ಬೇಗ ಯಾರೂ ಗಂಟು ಕಟ್ಟಲಾರರು. ಅದು ಯಾವಾಗಿನಿಂದ ಕಟ್ಟಿಟ್ಟಿತ್ತೋ.

ಅಜ್ಜಿ


ಹಿನಾತಾ ಕೇರಿ
ಮೇ 25

ಚಿಗುಸಾಗೆ,

ನಿನ್ನ ಅಪ್ಪ ಮಿಸೋ ಸಾರು ಮಾಡುತ್ತಾನೆ. ಮಿಸೋ ಹಾಕಿದ ಮೇಲೆ ಕುದಿಸಬಾರದೆಂದು ಹೇಳಿ ಹೇಳಿ ನನ್ನ ಗಂಟಲು ಒಣಗಿತು. ಕುಡಿಯುತ್ತಿದ್ದೇವೆ.

ನಿನ್ನ ಅಮ್ಮ ಮನೆಯಲ್ಲಿಲ್ಲದ ಮೇಲೆ ಯಾವ ಪಾತ್ರೆ ಎಲ್ಲಿದೆ ಎಂಬುದೇ ನನಗೆ ಸಿಗುತ್ತಿಲ್ಲ. ನನ್ನದೇ ಅಡಿಗೆಮನೆ.

ನಿನ್ನೆ ಸಂಜೆ ಜಗಲಿಯಲ್ಲಿ ಕೂತಿದ್ದೆ. ನಿನ್ನ ಅಪ್ಪ ಪಕ್ಕದಲ್ಲಿ ಸಲಿಕೆಯ ಮಣ್ಣು ಕೆರೆಯುತ್ತಿದ್ದ. ಗಾಳಿ ಹಿಕಾಗೆ ಕಡೆಯಿಂದ ಬೀಸುತ್ತಿತ್ತು. ಹುಳುವಿನ ಮನೆಯಲ್ಲಿ ಯಾರೋ ನಗುವುದು ಕೇಳಿಸಿತು. ನಿಲ್ಲಿಸಲು ಹೋಗಿ ನಿಲ್ಲದೆ, ಉಸಿರು ಕಟ್ಟಿ, ಮತ್ತೆ ಉಕ್ಕಿ ಬರುವಂಥ ನಗು. ಶಿಮೋ ನಕ್ಕರೆ ಕಾಗೆ ಕೂಗಿದ ಹಾಗಿರುತ್ತದೆ, ಅದು ನನಗೆ ಗೊತ್ತು. ಇದು ಬೇರೆ.

"ಶಿಮೋ ಕೂಲಿಗೆ ಯಾವುದೋ ಹುಡುಗೀನ ಇಟ್ಕೊಂಡಿದಾಳೆ ಅಂತ ಕಾಣತ್ತೆ" ಅಂದೆ.

ನಿನ್ನ ಅಪ್ಪ ತಲೆಯೆತ್ತದೆ ಹೇಳಿದ: "ಅಮ್ಮಾ, ಅದು ನೊಬುಯೆ."

ಅವನಿಗೆ ಗುರುತು ಸಿಕ್ಕಿತು. ಇಷ್ಟು ವರ್ಷ ಒಂದೇ ಸೂರಿನ ಕೆಳಗೆ ಇದ್ದೂ ಆ ನಗುವನ್ನು ನಾನು ಒಮ್ಮೆಯೂ ಕೇಳಿರಲಿಲ್ಲ.

ಗಾಳಿ ತಿರುಗುವವರೆಗೂ ಅಲ್ಲೇ ಕೂತಿದ್ದೆ.

ತೊಮೆ